ಕೀಲಿ ಕೇಳದ ಮೇಡಂ

ಇವತ್ತು ಬೆಳಿಗ್ಗೆಯೂ ಎಂದಿನ ಹಾಗೆಯೇ ಶುರುವಾಯಿತು. ಅಂಗಳದ ಪರಸಿಕಲ್ಲಿಗೆ ನೀರು ಹೊಡೆದು, ಕಸಬರಿಗೆಯಿಂದ ಗಟಾರದ ಕಡೆಗೆ ತಳ್ಳಿ, ಒದ್ದೆ ಕಲ್ಲಿನ ಮೇಲೆ ರಂಗೋಲಿ ನಿಲ್ಲುವುದಿಲ್ಲವೆಂದು ಅದು ಆರುವ ತನಕ ಹಾಲು ಕಾಯಿಸಿದೆ. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಿದ್ದರು. ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗುವ ಯಜಮಾನರ ಡಬ್ಬಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿದೆ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಮಹಡಿಯ ಮೇಡಂಗೆಂದು ಒಂದು ಲೋಟ ಹಾಲನ್ನು ಬೇರೆ ತೆಗೆದಿಟ್ಟಿತು. ಅದರ ಮೇಲೆ ತಟ್ಟೆ ಮುಚ್ಚುವಾಗ ನೆನಪಾಯಿತು, ಇವತ್ತು ಅವರು ಮನೆ ಖಾಲಿ ಮಾಡುವ ದಿನ. ನಾಳೆಯಿಂದ ಈ ಲೋಟ ಬೇಕಾಗುವುದಿಲ್ಲ.

ಮೇಡಂ ಚಿತ್ತಾಪುರದ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದರು. ಅತಿಥಿ ಉಪನ್ಯಾಸಕಿ. ಅಂದರೆ ಪ್ರತಿ ವರ್ಷ ಹೊಸದಾಗಿ ಕರೆ ಬರಬೇಕು, ಬಂದರೆ ಕೆಲಸ, ಇಲ್ಲವಾದರೆ ಇಲ್ಲ. ಅರವತ್ತಾದ ಮೇಲೆ ಕರೆ ಬರುವುದಿಲ್ಲ. ಈ ಸಲ ಬರಲಿಲ್ಲ. ಶಾಲು ಇಲ್ಲ, ಹಾರ ಇಲ್ಲ, ಸ್ಟಾಫ್ ರೂಮಿನಲ್ಲಿ ಒಂದಿಷ್ಟು ಮೈಸೂರುಪಾಕು. ಸೇಡಂನಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆಂದರು. ಶಹಾಬಾದದಿಂದ ಸೇಡಂ ಏನು ದೂರ? ಆದರೂ ಬೆಳಗಿನಿಂದ ಅವರದೇ ಯೋಚನೆ. ನಾನು ಕಂಡ ಒಂದು ದೊಡ್ಡ ಆಶ್ಚರ್ಯ ಇಷ್ಟು ವರ್ಷ ನಮ್ಮ ಮಹಡಿಯಲ್ಲೇ ಇತ್ತು. ಅದನ್ನು ಯಾರಿಗೂ ಸರಿಯಾಗಿ ಹೇಳಿಲ್ಲವಲ್ಲ ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಅವರು ಮನೆ ಕೇಳಿಕೊಂಡು ಬಂದ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ತೊಗರಿಬೇಳೆ ಆರಿಸುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳ ಉಡುಪಿನಂಥ ಬೂದು ಬಣ್ಣದ ಹತ್ತಿ ಸೀರೆ, ದಾರ ಕಟ್ಟಿದ ಕನ್ನಡಕ. ಚಪ್ಪಲಿಗಳನ್ನು ಒಂದರ ಪಕ್ಕ ಒಂದು, ಹೊರಡುವ ದಿಕ್ಕಿಗೆ ಮುಖ ಮಾಡಿ ಬಿಟ್ಟಿದ್ದರು. ತವರು ಭಂಕೂರ, ಬೌದ್ಧರು ಎಂದು ಅತ್ತೆ ಕೇಳುವ ಮೊದಲೇ ತಾವೇ ಹೇಳಿದರು. ಅತ್ತೆಯ ಮುಖದಲ್ಲಿ ಏನೋ ಬಂದು ಹೋಯಿತು. ಬೇಡ ಎನ್ನಲಿಲ್ಲ. ಬದಲಿಗೆ ಷರತ್ತು ಹೇಳತೊಡಗಿದರು.

"ನೋಡ್ರಿ, ಗೋಡಿಗಿ ಒಂದು ಮೊಳಿ ಹೊಡಿಯಂಗಿಲ್ಲ. ಹೊಸಾ ಬಣ್ಣ ಹಚ್ಚೀವಿ. ಮಾಳಗಿ ಮ್ಯಾಗ ಹಪ್ಪಳ ಸಂಡಗಿ ಹಾಕಂಗಿಲ್ಲ. ಬೋರಿನ ಮೋಟರ್ ನಾವೇ ಹಚ್ಚತೀವಿ, ನೀವು ಮುಟ್ಟಬ್ಯಾಡ್ರಿ. ಮಂದಿ ಭಾಳ ಬರಬಾರದು."

ಮೇಡಂ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ, ಒಂದಿಷ್ಟೂ ಕೊಂಕಿಲ್ಲದೆ, "ಆತ್ರಿ. ಏನೇನು ಮಾಡಬಾರದು ಹೇಳಿದ್ರಿ. ಏನೇನು ಮಾಡಬಹುದು ಅದೂ ಜರಾ ಹೇಳ್ರಲಾ," ಎಂದರು.

"ಅಂದ್ರ?"

"ಅಲ್ಲ, ಅದು ಮೊದಲೇ ಗೊತ್ತಾದ್ರ ಚಲೋ."

ನಮ್ಮ ಅತ್ತೆಗೆ ಆ ತನಕ ಯಾವ ಕಿರಾಯಿದಾರರೂ ಹಾಗೆ ಕೇಳಿರಲಿಲ್ಲ. ಕಡೆಗೆ, "ಇರಬಹುದು," ಎಂದರು.

"ಅಷ್ಟು ಸಾಕ್ರಿ," ಎಂದು ಮೇಡಂ ನಕ್ಕರು. ನಾನು ಬೇಳೆಯ ಮೊರದ ಮರೆಯಲ್ಲಿ ನಕ್ಕೆ.

ಸಾಮಾನು ಬಂದ ಮೇಲೆ ಅತ್ತೆಗೆ ತಡೆಯಲಾಗಲಿಲ್ಲ. ನೀರಿನ ನೆಪ ಮಾಡಿ ಮೇಲೆ ಹತ್ತಿದರು, ನಾನೂ ಹಿಂದೆ ಹೋದೆ. ಕಲ್ಲಿನ ಪಾಲಿಶ್ ಶೆಡ್ಡಿನಿಂದ ಅಂಚು ಮುರಿದ ಪರಸಿಗಳನ್ನು ತರಿಸಿ, ಇಟ್ಟಿಗೆ ಒಂದು ಸಾಲು, ಪರಸಿ ಒಂದು, ಮತ್ತೆ ಇಟ್ಟಿಗೆ, ಮತ್ತೆ ಪರಸಿ, ಹೀಗೆ ಸಾಮಾನಿಡುವ ಮಾಡವನ್ನು ತಾವೇ ಕಟ್ಟಿಕೊಂಡಿದ್ದರು. ಸಿಮೆಂಟ್ ಇಲ್ಲ, ಮೊಳೆ ಇಲ್ಲ. ಗಡಿಯಾರ ಕಲ್ಲಿನ ಮೇಲೆ ಗೋಡೆಗೊರಗಿ ನಿಂತಿತ್ತು. ಅದರ ಪಕ್ಕ ಬುದ್ಧನ ಒಂದು ಚಿಕ್ಕ ಪಟ. ಸೊಳ್ಳೆ ಪರದೆಯ ನಾಲ್ಕು ಕೋಲುಗಳು ಮರಳು ತುಂಬಿದ ಎಣ್ಣೆ ಡಬ್ಬಿಗಳಲ್ಲಿ ನೆಟ್ಟಗೆ ನಿಂತಿದ್ದವು. ಬಟ್ಟೆಯ ಹಗ್ಗ ಕಿಟಕಿಯ ಸರಳಿನಿಂದ ಕಿಟಕಿಯ ಸರಳಿಗೆ. ಅತ್ತೆ ಪರದೆಯ ಕೋಲನ್ನು ಹಿಡಿದು ಅಲುಗಾಡಿಸಿ ನೋಡಿದರು. ಅದು ಅಲುಗಲಿಲ್ಲ. ಕೆಳಗಿಳಿಯುವಾಗ, "ಹುಷಾರದಾಳ," ಎಂದಷ್ಟೇ ಹೇಳಿದರು. ನಮ್ಮ ಅತ್ತೆಯ ಬಾಯಲ್ಲಿ ಅದು ಭಾರಿ ಬಿರುದು.

ಈಗ ನರಸಮ್ಮನ ವಿಷಯ. ಅವಳನ್ನು ಬಿಟ್ಟು ಮುಂದಿನದನ್ನು ಹೇಳಲು ಬರುವುದಿಲ್ಲ.

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನಾಚೆ ಒಂದು ಸಣ್ಣ ಊರಿನವಳು. ಹುಟ್ಟಿನಿಂದ ಕಣ್ಣು ಕಾಣದು. ಚಿತ್ತಾಪುರದ ಹಾಸ್ಟೆಲಿನಲ್ಲಿದ್ದು ಮೇಡಂ ಕಾಲೇಜಿನಲ್ಲೇ ಬಿ.ಎ. ಓದುತ್ತಿದ್ದಳು. ಗಣಿತಕ್ಕೂ ಅವಳಿಗೂ ಸಂಬಂಧವಿಲ್ಲ. ಹಾಸ್ಟೆಲಿನಲ್ಲಿ ಅವಳಿಗೆ ದಿನಾ ಪಾಠ ಓದಿ ಹೇಳುತ್ತಿದ್ದ ಗೆಳತಿ ಮದುವೆಯಾಗಿ ಹೋದ ಮೇಲೆ ಈ ಹುಡುಗಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಾಲೇಜಿನ ಪಡಸಾಲೆಯಲ್ಲಿ ಸುಮ್ಮನೆ ಕೂತಿರುವುದನ್ನು ಮೇಡಂ ಕಂಡರು. ಆಗಿನಿಂದ ಭಾನುವಾರಗಳಂದು ವಾಡಿಯಲ್ಲಿ ಗಾಡಿ ಬದಲಿಸಿ ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದರು, ಓದಿ ಹೇಳುತ್ತಿದ್ದರು. ಒಂದು ಭಾನುವಾರ ಎಷ್ಟು ಪಾಠಕ್ಕೆ ಸಾಲುತ್ತದೆ?

"ನಮ್ಮಪ್ಪ ಹೇಳ್ಯಾನ್ರಿ," ಎಂದು ನರಸಮ್ಮ ನನ್ನ ಬಳಿ ಶೇಂಗಾ ಸುಲಿಯುತ್ತಾ ಹೇಳಿದ್ದಳು, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. "ಈ ವರ್ಷ ಪಾಸಾದ್ರ ಮುಂದ ಓದು, ಇಲ್ಲಂದ್ರ ಮನಿಗಿ ಬಾ, ಬುಟ್ಟಿ ಹೆಣಿ ಅಂತ. ಬುಟ್ಟಿ ಚಲೋನೇ ಹೆಣಿತೀನ್ರಿ ನಾ. ಅದೇ ಅಂಜಿಕಿ."

ಮೊಬೈಲಿನಲ್ಲಿ ಓದಿ ಹೇಳುವ ಆ್ಯಪ್‌ಗಳಿದ್ದವು. ಆದರೆ ಅವಳ ಪಠ್ಯವೆಲ್ಲ ಜೆರಾಕ್ಸಿನ ಜೆರಾಕ್ಸು. ಆ ಮಸಿಯನ್ನು ನೋಡಿ ಆ್ಯಪ್‌ಗಳು ತೊದಲುತ್ತಿದ್ದವು. ಊರಿಗೆ ಹೋದರೆ ಕಾಡಿನಲ್ಲಿ ನೆಟ್‌ವರ್ಕ್ ಬೇರೆ ಇಲ್ಲ. ಪುಟಗಳನ್ನು ಸರಿಯಾಗಿ ಓದಿ, ಧ್ವನಿ ಮಾಡಿ, ಫೋನಿನಲ್ಲೇ ತುಂಬಿ ಕೊಡಬೇಕು. ಹಾಗೆ ಮಾಡುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ ಎಂದು ಮೇಡಂ ಹುಡುಕಿ ತೆಗೆದಿದ್ದರು. ಅವರ ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಆ ಭಾರ ತಾಳದು. ಒಂದು ಪಾಠಕ್ಕೆ ಇಡೀ ದಿನ ಹಿಡಿಯುತ್ತಿತ್ತು, ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು, ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು.

ಆದರೆ ಅವರಿಗೆ ಕಲಬುರಗಿಯಲ್ಲಿ ಒಂದು ಕೋಣೆ ಇತ್ತು.

ಹಾಗೆಂದೇ ಹೇಳಿದರು. ಹಿಂದೆ ಯಾವುದೋ ತರಬೇತಿಗೆ ಹೋದಾಗ ಅಲ್ಲಿನ ಒಂದು ದೊಡ್ಡ ಸಂಸ್ಥೆಯ ಲಿನಕ್ಸ್ ಸರ್ವರಿನಲ್ಲಿ, ಅಂದರೆ ಎಲ್ಲರೂ ಹಂಚಿಕೊಂಡು ಬಳಸುವ ದೊಡ್ಡ ಕಂಪ್ಯೂಟರಿನಲ್ಲಿ, ಉಪನ್ಯಾಸಕರಿಗೆಲ್ಲ ಖಾತೆ ಕೊಟ್ಟಿದ್ದರಂತೆ. ಎಲ್ಲರೂ ಮರೆತರು, ಇವರು ಮರೆಯಲಿಲ್ಲ.

"ಗೌಡರ ಮನಿಯಂಥ ದೊಡ್ಡ ವಾಡೇ ಅಂತ ತಿಳಕೋರಿ," ಎಂದು ನನಗೆ ಬಿಡಿಸಿ ಹೇಳಿದರು. "ನೂರಾರು ಮಂದಿ ಅವರವರ ಮನ್ಯಾಗ ಕುಂತೇ ಅದರೊಳಗ ಹೋಗಿ ಕೆಲಸ ಮಾಡತಾರ. ಎಲ್ಲಾರಿಗೂ ಅವರ ಹೆಸರಿಂದು ಒಂದೊಂದು ಕೋಣಿ. ಇಡೀ ವಾಡೇದ ಕೀಲಿ ಮಾತ್ರ ಒಬ್ಬರ ಕೈಯಾಗ, ಅಡ್ಮಿನ್ ಅಂತಾರ. ಹೊಸಾ ತಂತ್ರಾಂಶ ಬೇಕಂದ್ರ ಆ ಕೀಲಿ ಇದ್ದವ್ರು ನಡುಮನ್ಯಾಗ ತಂದು ಹಾಕಬೇಕು. ಅದು ರಿವಾಜು."

ಮೊದಲ ದಿನ ಅವರು ರಿವಾಜಿನಂತೆಯೇ ಹಾಕಲು ನೋಡಿದಾಗ ನಾನು ಪಕ್ಕದಲ್ಲಿದ್ದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು, ನಿಮಗೆ ಆ ಹಕ್ಕಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು. ನಾನು "ಮೇ ಐ ಕಮ್ ಇನ್ ಸಿಸ್ಟರ್" ಎನ್ನದೆ ತರಗತಿಯ ಹೊಸ್ತಿಲು ದಾಟದೆ ಬೆಳೆದವಳು.

"ಮೇಡಂ, ಬಂದ್ ಮಾಡ್ರಿ! ಯಾರಿಗೋ ವರದಿ ಮಾಡತದಂತ!"

"ಮಾಡಲಿ ಬಿಡ್ರಿ. ಮೊದಲು ಪೂರಾ ಓದ್ರಿ. ಅದು ಬೈಲಿಕತ್ತಿಲ್ಲ, ಹೇಳಲಿಕತ್ತದ."

ಇದು ಅವರ ಮಾತು. ಕೆಂಪು ಅಕ್ಷರದಲ್ಲಿ ಎಷ್ಟು ಸಾಲು ದೋಷ ಬಂದರೂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮೇಲಿನಿಂದ ಕೆಳಗೆ ಓದುತ್ತಿದ್ದರು. ಬೈಲಿಕತ್ತಿಲ್ಲ, ಹೇಳಲಿಕತ್ತದ. ನಾನು ಈ ಮಾತನ್ನು ಅತ್ತೆಯ ಮೇಲೆ ಪ್ರಯೋಗ ಮಾಡಿ ನೋಡಿದ್ದೇನೆ. ಬಹಳ ಸಲ ನಿಜವೇ.

ಅಡ್ಮಿನ್‌ಗೆ ಬರೆದರು. ವಿಭಾಗದ ಮುಖ್ಯಸ್ಥರ ಮೂಲಕ ಬರಬೇಕು ಎಂಬ ಉತ್ತರ ಬಂತು. ಅತಿಥಿ ಉಪನ್ಯಾಸಕಿಗೆ ಆ ಸಂಸ್ಥೆಯಲ್ಲಿ ಯಾವ ವಿಭಾಗ, ಯಾವ ಮುಖ್ಯಸ್ಥರು? ನಾನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ಮೇಡಂ ಆ ಸರ್ವರಿನ ನಿಯಮಗಳ ಪುಟವನ್ನು ತೆರೆದು ಒಂದಕ್ಷರ ಬಿಡದೆ ಓದಿದರು. ಎರಡನೆಯ ಸಲ ಓದುವಾಗ ಅವರ ಬಾಯಂಚಿನಲ್ಲಿ ನಗು ಕಂಡಿತು.

"ನಡುಮನ್ಯಾಗ ಬ್ಯಾಡ ಅಂದಾರ. ನಿಮ್ಮ ಕೋಣ್ಯಾಗ ಏನು ಬೇಕಾದ್ರೂ ಇಟ್ಟುಕೋರಿ, ಬ್ಯಾರೆಯವರಿಗಿ ತ್ರಾಸ ಆಗಬಾರದು, ಅಷ್ಟೇ ಅಂದಾರ. ಇರಬಹುದು ಅಂದಂಗಾತಲ್ರಿ."

ಅಲ್ಲಿಂದ ಶುರುವಾಯಿತು. ಸಿದ್ಧವಾಗಿ ಬರುವ ತಂತ್ರಾಂಶ ತಾನಾಗಿಯೇ ನಡುಮನೆಗೆ ಹೋಗಿ ಕೂರುತ್ತದಂತೆ. ಅದಕ್ಕೆ ಮೇಡಂ ಅದರ ಮೂಲ ಬರಹವನ್ನೇ ತರಿಸಿಕೊಂಡು ತಮ್ಮ ಕೋಣೆಯಲ್ಲೇ ಕಟ್ಟತೊಡಗಿದರು. "ಹಿಟ್ಟು ಸಿಗಲಿಲ್ಲಂದ್ರ ಜ್ವಾಳ ತಂದು ಬೀಸೋದು, ಬ್ಯಾರೆ ಏನಿಲ್ಲ," ಎಂದರು. ಕಟ್ಟುವ ಮೊದಲು ಯಂತ್ರ ಕೇಳುತ್ತದೆ, ಎಲ್ಲಿ ಇಡಲಿ? ಇವರು ಪ್ರತಿ ಸಲವೂ ತಮ್ಮ ಕೋಣೆಯ ವಿಳಾಸ ಬರೆಯುತ್ತಿದ್ದರು.

ಆದರೆ ಪುಟ ಓದುವ ತಂತ್ರಾಂಶ ಕಟ್ಟಲು ಹೋದರೆ, ಚಿತ್ರ ಬಿಚ್ಚುವ ಇನ್ನೊಂದು ಬೇಕು ಎಂದಿತು. ಅದನ್ನು ಕಟ್ಟಲು ಹೋದರೆ ಮತ್ತೊಂದು. ಅದಕ್ಕೆ ಇನ್ನೊಂದರ ಹೊಸ ಆವೃತ್ತಿ, ಸರ್ವರಿನಲ್ಲಿ ಇದ್ದದ್ದು ಹಳೆಯದು.

"ಇದೇನ್ರಿ ಮೇಡಂ, ಬೀಗರನ್ನ ಕರದ್ರ ಬೀಗರ ಬೀಗರೂ ಬಂದಂಗಾತಲ್ಲ," ಎಂದೆ.

"ಬರಲಿ. ಎಲ್ಲಾರಿಗೂ ಚಾಪಿ ಹಾಸೋಣು. ಕೆಳಗಿನ ಕಲ್ಲು ಬರೋಬ್ಬರಿ ಕುಂತ್ರ ಮ್ಯಾಗಿನ ಕಲ್ಲು ತಾನೇ ಕುಂದರತದ."

ಹಳೆಯದನ್ನು ತೆಗೆಯಲಿಲ್ಲ, ಮುಟ್ಟಲೂ ಇಲ್ಲ. ಹೊಸದನ್ನು ತಮ್ಮ ಕೋಣೆಯಲ್ಲಿ ಬೇರೆಯಾಗಿ ಕಟ್ಟಿಕೊಂಡರು. ಕೊನೆಗೆ ಯಂತ್ರಕ್ಕೆ ಒಂದು ಸೂಚನೆ ಬರೆದಿಟ್ಟರು. ನಾನು ಏನಾದರೂ ಬೇಕೆಂದರೆ ಮೊದಲು ನನ್ನ ಕೋಣೆಯಲ್ಲಿ ಹುಡುಕು, ಅಲ್ಲಿ ಸಿಗದಿದ್ದರೆ ಮಾತ್ರ ನಡುಮನೆಗೆ ಹೋಗು. ಒಂದು ಸಾಲು ಅಷ್ಟೇ. ಆ ಒಂದು ಸಾಲಿನಿಂದ, ಯಾವ ಕೀಲಿಯೂ ಇಲ್ಲದ ಹೆಂಗಸಿಗೆ ಆ ಇಡೀ ವಾಡೆ ತನ್ನದೇ ಮನೆಯ ಹಾಗೆ ನಡೆಯತೊಡಗಿತು. ಪಕ್ಕದ ಕೋಣೆಯವರಿಗೆ ಸುಳಿವೂ ಇಲ್ಲ.

ಅವರು ಎಂಟರ್ ಒತ್ತುವ ರೀತಿಯೂ ನನಗೆ ಕಣ್ಣಿಗೆ ಕಟ್ಟಿದೆ. ಉಂಗುರ ಬೆರಳಿನಿಂದ, ಕುಂಕುಮ ಇಡುವಷ್ಟು ಹಗುರಾಗಿ. ಒತ್ತಿದ ಮೇಲೆ ಎರಡೂ ಕೈ ತೊಡೆಯ ಮೇಲೆ. ಪರದೆಯಲ್ಲಿ ಸಾಲುಗಳು ಓಡುವಾಗ ಮತ್ತೇನನ್ನೂ ಮುಟ್ಟುತ್ತಿರಲಿಲ್ಲ. ಬಂದವರು ಉಂಡು ಮುಗಿಸುವ ತನಕ ಮನೆಯಾಕೆ ಕಾಯುವ ಹಾಗೆ ಕಾಯುತ್ತಿದ್ದರು.

ಮೊದಲ ಪಾಠ ಮಾತಾಡಿದ್ದು ಒಂದು ಭಾನುವಾರ ಮಧ್ಯಾಹ್ನ. ನರಸಮ್ಮ ಮೆಟ್ಟಿಲ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಳು. ಲ್ಯಾಪ್‌ಟಾಪಿನಿಂದ ಹೆಣ್ಣು ಧ್ವನಿಯೊಂದು ಇತಿಹಾಸದ ಪಾಠ ಓದತೊಡಗಿತು. ಅವಳ ದವಡೆ ನಿಂತಿತು. ಪಾಠ ಮುಗಿಯುವ ತನಕ ಬಾಯಲ್ಲಿದ್ದುದನ್ನು ನುಂಗಲಿಲ್ಲ. ಆಮೇಲೆ ಹೇಳಿದಳು, "ಔನ್ರಿ, ಈಕಿ ಯಾವೂರಾಕಿ ರೀ ಮೇಡಂ? ಉಸುರು ತಗೊಳ್ಳಂಗಿಲ್ಲ, ನೀರು ಕುಡಿಯಂಗಿಲ್ಲ, ಒಂದೇ ಸವನ ಹೇಳತಾಳ. ಇಕಿನ್ನ ಮದಿವಿ ಆದಂವ ಸತ್ತಂಗೇ."

ಮೇಡಂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ. ಮುಂದಿನ ವಾರಕ್ಕೆ ಆ ಧ್ವನಿಗೆ ವಾಕ್ಯದ ಕೊನೆಯಲ್ಲಿ ನಿಲ್ಲುವುದನ್ನು ಕಲಿಸಿದರು. ನನಗೂ ಒಂದು ಕೆಲಸ ಸಿಕ್ಕಿತು. ಯಂತ್ರ ಓದಿದ್ದನ್ನು ಪುಟದೊಂದಿಗೆ ಹೋಲಿಸಿ ನೋಡುವುದು. ಜೆರಾಕ್ಸಿನವನ ಹೆಬ್ಬೆರಳಿನ ನೆರಳನ್ನೂ ಅದು ಅಕ್ಷರವೆಂದು ತಿಳಿದು ಏನೋ ಗೊಣಗಿತ್ತು. ಅದನ್ನು ಹಿಡಿದದ್ದು ನಾನೇ. ನಮ್ಮ ಕಾನ್ವೆಂಟಿನಲ್ಲಿ ಕೈಬರಹಕ್ಕೆ ಬಿದ್ದ ಏಟುಗಳು ಕಡೆಗೂ ಉಪಯೋಗಕ್ಕೆ ಬಂದವು.

ಒಂದೊಂದೇ ವಿಷಯ ಮುಗಿಯುತ್ತಾ ಬಂತು. ಇತಿಹಾಸ, ಕನ್ನಡ, ಸಮಾಜಶಾಸ್ತ್ರ. ಉಳಿದದ್ದು ರಾಜ್ಯಶಾಸ್ತ್ರ, ಎಲ್ಲಕ್ಕಿಂತ ದಪ್ಪ ಪುಸ್ತಕ. ಆಗಲೇ ಮೇಡಂ ತಪ್ಪು ಮಾಡಿದರು.

ಆ ಸರ್ವರಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎಲ್ಲರೂ ಒಳಗೆ ಬರುವ ಬಾಗಿಲ ಬಳಿ ಭಾರದ ಕೆಲಸ ಮಾಡಬಾರದು. ಕೆಲಸವನ್ನು ಸರತಿಗೆ ಹಚ್ಚಬೇಕು, ಪಾಳಿ ಬಂದಾಗ ಒಳಗಿನ ದೊಡ್ಡ ಯಂತ್ರಗಳು ಅದನ್ನು ಮಾಡಿ ಕೊಡುತ್ತವೆ. ಮೇಡಂ ಯಾವಾಗಲೂ ಹಾಗೆಯೇ ಮಾಡುತ್ತಿದ್ದರು. ಆದರೆ ಆ ಸಲ ಸರತಿ ಉದ್ದವಿತ್ತು, ಪರೀಕ್ಷೆ ಮುಂದಿನ ಸೋಮವಾರವೇ ಇತ್ತು. ನರಸಮ್ಮ ಫೋನಿನಲ್ಲಿ, "ಮೇಡಂ, ರಾಜ್ಯಶಾಸ್ತ್ರ ಇನ್ನಾ ಬರಲಿಲ್ಲಲ್ರಿ," ಎಂದಿದ್ದಳು, ಎಂದಿನ ತಮಾಷೆ ಇಲ್ಲದ ದನಿಯಲ್ಲಿ. ಮೇಡಂ ಇಡೀ ಪುಸ್ತಕವನ್ನು ಬಾಗಿಲಲ್ಲೇ ಓಡಿಸಿಬಿಟ್ಟರು.

ತುಸು ಹೊತ್ತಿಗೆ ಪರದೆ ನಿಂತಿತು. ಆಮೇಲೆ ಒಂದು ಸಾಲು ಬಂತು. ಖಾತೆಯನ್ನು ಮುಚ್ಚಲಾಗಿದೆ.

ಮಧ್ಯಾಹ್ನ ನಾನು ಹಾಲಿನ ಲೋಟ ತರಲು ಹೋದರೆ ಅದು ಇಟ್ಟಲ್ಲೇ ಇತ್ತು, ಕೆನೆ ಕಟ್ಟಿತ್ತು. ಮೇಡಂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪರದೆಯಲ್ಲಿ ಕಾಯುವಂಥದು ಏನೂ ಇರಲಿಲ್ಲ.

"ಅವರ್ದೇನೂ ತಪ್ಪಿಲ್ರಿ," ಎಂದರು. "ಎಲ್ಲಾರೂ ಓಡಾಡೋ ಬಾಗಿಲದಾಗ ರುಬ್ಬುಗಲ್ಲು ಹಾಕ್ಕೊಂಡು ಕುಂತೆ ನಾನು. ಕಟ್ಟಿದ್ದೆಲ್ಲಾ ಆ ಕೋಣ್ಯಾಗ ಅದ. ಈಗ ನಾನೇ ಹೊರಗ."

ಕೆಳಗೆ ಬಂದು ಅತ್ತೆಗೆ ಹೇಳಿದೆ. ಸರ್ವರ್ ಎಂದರೇನೆಂದು ಅವರಿಗೆ ತಿಳಿಯದು, ಆದರೆ ನರಸಮ್ಮನ ಪರೀಕ್ಷೆ ತಿಳಿಯುತ್ತದೆ, ಬಾಗಿಲು ಹಾಕಿದ್ದಾರೆ ಎಂದರೆ ತಿಳಿಯುತ್ತದೆ. "ಹೋಗಿ ಕೇಳಬೇಕಪ್ಪ, ಮನ್ಯಾಗ ಕುಂತ್ರ ತೆರಿತಾರೇನು? ನೀ ಜೊತಿಗಿ ಹೋಗು. ಇಂಗ್ಲೀಷು ಬೇಕಾದ್ರ ನೀ ಮಾತಾಡು," ಎಂದು ರೊಟ್ಟಿ ಕಟ್ಟಿಕೊಟ್ಟರು. ಮಂದಿ ಭಾಳ ಬರಬಾರದು ಎಂದಿದ್ದ ಅತ್ತೆ.

ಮರುದಿನ ಕಲಬುರಗಿಯ ಗಾಡಿಯಲ್ಲಿ ನಾನು ಇಂಗ್ಲಿಷ್ ವಾಕ್ಯಗಳನ್ನು ಜೋಡಿಸುತ್ತಾ ಕೂತಿದ್ದೆ. ಬೇಡಿಕೊಳ್ಳುವ ವಾಕ್ಯಗಳೇ ಎಲ್ಲ. ಮೇಡಂ ಕಿಟಕಿಯಿಂದ ಕಲ್ಲಿನ ಖಣಿಗಳನ್ನು ನೋಡುತ್ತಿದ್ದರು.

ಅಡ್ಮಿನ್ ಒಬ್ಬ ಹುಡುಗನಂಥ ಮನುಷ್ಯ. ಹೊರಗೆ ನೆತ್ತಿ ಸುಡುವ ಬಿಸಿಲು, ಅವನು ಸ್ವೆಟರ್ ಹಾಕಿದ್ದ. ಯಂತ್ರಗಳಿಗೆಂದು ಆ ಕೋಣೆ ಅಷ್ಟು ತಣ್ಣಗಿತ್ತು. ಸ್ವೆಟರಿನ ಮೊಣಕೈ ಸವೆದು ಒಳಗಿನ ಅಂಗಿ ಕಾಣುತ್ತಿತ್ತು.

"ನೀವೇ ಏನ್ರಿ ಅವ್ರು? ನಿನ್ನೆ ನಿಮ್ಮಿಂದ ಅರ್ಧ ಕ್ಯಾಂಪಸ್ಸಿನ ಕೆಲಸ ನಿಂತಿತ್ರಿ."

"ಹೌದ್ರಿ, ತಪ್ಪು ನಂದು. ಇನ್ನೊಮ್ಮೆ ಆಗಂಗಿಲ್ಲ. ಕೋಣಿ ತೆರದು ಕೊಡ್ರಿ, ಸರತ್ಯಾಗ ನಿಲ್ತೀನಿ."

"ಮುಖ್ಯಸ್ಥರು ಹೇಳಬೇಕ್ರಿ. ಅವರು ಊರಾಗಿಲ್ಲ. ಮುಂದಿನ ವಾರ ಬರ್ರಿ."

ಮುಂದಿನ ವಾರ ಪರೀಕ್ಷೆ. ನಾನು ಬಾಯಿ ತೆರೆದೆ, ಮೇಡಂ ನನ್ನ ಕೈ ಮೇಲೆ ಕೈಯಿಟ್ಟರು. "ಹಂಗಾರ ಒಂದು ಕೆಲಸ ಮಾಡ್ರಿ. ನಿಮ್ಮ ಕೈಯಾಗ ಎಲ್ಲಾ ಕೀಲಿ ಅದಾವ. ನನ್ನ ಕೋಣಿ ನೀವೇ ಒಮ್ಮೆ ನೋಡಿಬಿಡ್ರಿ. ನಿಮ್ಮದೇನಾರ ಮುಟ್ಟೀನೇನು ನೋಡ್ರಿ. ಮುಟ್ಟಿದ್ರ ಬಂದೇ ಇರಲಿ."

ಅವನು ಬೇಸರದಿಂದಲೇ ನೋಡತೊಡಗಿದ. ಮೊದಲು ಸರಸರ ಮೇಲೆ ಸರಿಸುತ್ತಿದ್ದ ಬೆರಳು ನಿಧಾನವಾಯಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಇದೆಲ್ಲಾ ಯಾರು ಹಾಕಿಕೊಟ್ರು ನಿಮಗ?"

"ಯಾರೂ ಇಲ್ರಿ."

"ಇದಕ್ಕ ಕೆಳಗಿನ ತಂತ್ರಾಂಶದ ಹೊಸಾ ಆವೃತ್ತಿ ಬೇಕಿತ್ತಲ್ಲ. ನಮ್ಮಲ್ಲಿರೋದು ಹಳೇದು."

"ಹೊಸಾದು ನನ್ನ ಕೋಣ್ಯಾಗೇ ಕಟ್ಟಿಕೊಂಡೀನ್ರಿ. ನಿಮ್ಮ ಹಳೇದು ಹಂಗೇ ಅದ, ನೋಡ್ರಿ."

ಅವನು ನೋಡಿದ. ಚಹಾ ಬಂದು ಆರಿತು. ಎದುರಿಗೆ ನಾವಿದ್ದೇವೆಂಬುದನ್ನೇ ಮರೆತ ಹಾಗೆ, ಒಳ್ಳೆಯ ಕಸೂತಿಯ ಹಿಂಭಾಗವನ್ನು ತಿರುಗಿಸಿ ನೋಡುವವರ ಮುಖವಿರುತ್ತದಲ್ಲ, ಆ ಮುಖದಲ್ಲಿ ನೋಡುತ್ತಾ ಕೂತ. ಆಮೇಲೆ ತಾನೇ ಮುಖ್ಯಸ್ಥರಿಗೆ ಫೋನ್ ಹಚ್ಚಿದ.

"ಸರ್, ಆ ನಿನ್ನಿನ ಖಾತೆ... ಹೌದ್ರಿ, ಬಂದಾರ... ಇಲ್ರಿ ಸರ್, ಏನಂದ್ರ ಏನೂ ಮುಟ್ಟಿಲ್ಲ. ಹೋದ ವರ್ಷ ನಾವು ಹಾಕ್ಲಿಕ್ಕ ಹೋಗಿ ಕೆಡಿಸಿಕೊಂಡಿದ್ದೆವಲ್ಲ, ಅದನ್ನ ಇವರು ಕೀಲಿ ಇಲ್ದೇ ಹಾಕ್ಯಾರ... ಹ್ಞೂಂ. ಹ್ಞೂಂ. ಆತ್ರಿ."

ಏನೋ ಒತ್ತಿ, "ತೆರೀತು ನೋಡ್ರಿ ಮೇಡಂ," ಎಂದ. ಸ್ವೆಟರಿನ ತೋಳು ಜಗ್ಗಿಕೊಳ್ಳುತ್ತಾ, "ನೀವು ಹೂಂ ಅಂದ್ರ ಸರ್‌ಗೆ ಹೇಳಿ ನಿಮಗೂ ಅಡ್ಮಿನ್ ಹಕ್ಕು ಕೊಡಸ್ತೀನಿ. ಸರತಿ ಗಿರತಿ ಏನೂ ಬ್ಯಾಡ," ಎಂದ.

ಕೊಡ್ರಿ ಎನ್ನುತ್ತಾರೆಂದುಕೊಂಡೆ. ಕೊಟ್ಟರೆ ರಾಜ್ಯಶಾಸ್ತ್ರ ಅವತ್ತೇ ಮುಗಿಯುತ್ತಿತ್ತು.

"ಬ್ಯಾಡ್ರಿ," ಎಂದರು ಮೇಡಂ. "ದೊಡ್ಡ ಕೀಲಿ ಕೈಯಾಗಿದ್ರ ನಾ ಮತ್ತ ಬಾಗಿಲದಾಗೇ ಕುಂದರ್ತೀನಿ. ನಿನ್ನೆ ಗೊತ್ತಾತಲ್ಲ ನಂಗ."

ವಾಪಸು ಬರುವಾಗ ನನಗೆ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಸರತಿ ಇನ್ನೂ ಉದ್ದವೇ ಇತ್ತು. ಶುಕ್ರವಾರ ಪಾಳಿ ಬರಲಿಲ್ಲ. ಶನಿವಾರ ನಾನು ಮಹಡಿಗೂ ಅಡುಗೆಮನೆಗೂ ಹತ್ತಿ ಇಳಿದು ಸುಸ್ತಾದೆ. ಅತ್ತೆ ಕೆಳಗಿನಿಂದಲೇ, "ಪಾಳಿ ಬಂತೇನವ್ವಾ?" ಎಂದು ನೀರಿನ ನಳದ ಪಾಳಿ ಕೇಳಿದ ಹಾಗೆ ಕೂಗುತ್ತಿದ್ದರು. ಮೇಡಂ ಮಾತ್ರ ಕೈ ತೊಡೆಯ ಮೇಲಿಟ್ಟುಕೊಂಡು ಕಾದರು. ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾಳಿ ಬಂತು. ನಾನು ಪಲ್ಯಕ್ಕೆ ಒಗ್ಗರಣೆ ಹಾಕಿ ಮೇಲೆ ಹೋಗುವುದರೊಳಗೆ ಇಡೀ ಪುಸ್ತಕ ಮಾತಾಗಿ ಬಂದಿತ್ತು.

ಭಾನುವಾರ ಮೊದಲ ಗಾಡಿಗೆ ಮೇಡಂ ಚಿತ್ತಾಪುರಕ್ಕೆ ಹೋಗಿ ನರಸಮ್ಮನ ಫೋನಿನಲ್ಲಿ ತುಂಬಿ ಬಂದರು. ಅವಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಾಸ್ಟೆಲಿನ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದಳಂತೆ. ಅವಳು ಹೇಳಿದ ಉತ್ತರಗಳನ್ನು ಬರೆಯಲು ಕಾಲೇಜಿನವರು ಒಬ್ಬಳನ್ನು ಕೊಟ್ಟಿದ್ದರು. "ಆಕಿ ಕೈ ನೊಂದ್ವು ಅಂತ ಅಳಾಕತ್ತಿದ್ಲು ರೀ," ಎಂದು ನರಸಮ್ಮ ನನಗೆ ಫೋನಿನಲ್ಲಿ ಹೇಳಿದಳು. ಫಲಿತಾಂಶ ಬಂದ ದಿನ ಅವಳಪ್ಪ ಕುಂಚಾವರಂನಿಂದ ಒಂದು ಬಿದಿರು ಬುಟ್ಟಿ ಕಳಿಸಿದ. ಮಗಳು ಹೆಣೆದದ್ದೇ. ಅತ್ತೆ ಅದರಲ್ಲಿ ಈರುಳ್ಳಿ ಇಟ್ಟಿದ್ದಾರೆ. ನರಸಮ್ಮ ಈಗ ಬಿ.ಎಡ್. ಓದುತ್ತಿದ್ದಾಳೆ.

ಆ ಅಡ್ಮಿನ್ ಹುಡುಗ ಆಮೇಲೆ ಎಷ್ಟೋ ಸಲ ಮೇಡಂಗೆ ಫೋನ್ ಮಾಡಿದ. ಮೇಡಂ ತಮ್ಮ ಕೋಣೆಯನ್ನು ಬೇರೆಯವರು ನೋಡಬಹುದಾದ ಹಾಗೆ, ಬಳಸಬಹುದಾದ ಹಾಗೆ, ಆದರೆ ಯಾರೂ ಕೆಡಿಸಲಾಗದ ಹಾಗೆ ತೆರೆದಿಟ್ಟರು. ಯಾರ್ಯಾರೋ ಬಂದು ಬಳಸಿದರು. ಕಡೆಗೆ ಅವನು ಅದನ್ನೆಲ್ಲ ನೋಡಿಕೊಂಡು ಹಾಗೆಯೇ ನಡುಮನೆಯಲ್ಲಿ ಎಲ್ಲರಿಗೂ ಕಟ್ಟಿಕೊಟ್ಟ. ಈಗ ಅಲ್ಲಿ ಖಾತೆಯಿರುವ ಯಾರು ಬೇಕಾದರೂ ಒಂದು ಪದ ಬರೆದರೆ ಸಾಕು, ಮಸಿ ಹಿಡಿದ ಕನ್ನಡ ಪುಟ ಮಾತಾಡುತ್ತದೆ. "ಅಲ್ಲಿ ನಿಮ್ಮ ಹೆಸರು?" ಎಂದು ಕೇಳಿದ್ದೆ. "ನನ್ನ ಹೆಸರಿನ ಕೋಣಿ ಇತ್ತಲ್ರಿ," ಎಂದರು. ಅದೂ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕೆಲಸ ಹೋದವರ ಖಾತೆ ತೆಗೆದುಹಾಕುವುದು ಅಲ್ಲಿಯ ನಿಯಮ. ಅವರು ಅದನ್ನೂ ಮೊದಲೇ ಓದಿದ್ದರು.

ಇವತ್ತು ಬೆಳಿಗ್ಗೆ ಟೆಂಪೋ ಬಂತು. ಏರಿಸಲು ಏನು ಮಹಾ ಇತ್ತು, ಒಂದು ಟ್ರಂಕು, ಪುಸ್ತಕ, ಹಾಸಿಗೆ, ಲ್ಯಾಪ್‌ಟಾಪಿನ ಚೀಲ. ಪರಸಿಗಳನ್ನು ಬಿಡಿಸಿ ಹಿತ್ತಿಲ ಗೋಡೆಗೆ ಒರಗಿಸಿಟ್ಟು, "ಬಚ್ಚಲಕ್ಕ ಹಾಕಿಸ್ರಿ, ಚಲೋ ಕಲ್ಲು," ಎಂದರು. ಕೋಣೆಗಳನ್ನು ತಾವೇ ಗುಡಿಸಿ ಒರೆಸಿದರು. ಕೆಳಗಿಳಿದು ಬಂದಾಗ ಅತ್ತೆ ದೇವರ ಕೋಣೆಯಿಂದ ಖಣ, ಕೊಬ್ಬರಿ, ಅಕ್ಕಿ ತಂದು ನನ್ನ ಕೈಗೆ ಕೊಟ್ಟು, "ಉಡಿ ತುಂಬವಾ. ಮನಿ ಮಗಳು ಹೊಂಟಂಗ ಆಗ್ಯದ," ಎಂದರು.

ಮೇಡಂ ಸೆರಗು ಹಿಡಿದು ನಿಂತರು. ನಾನು ತುಂಬಿದೆ. ಒಂದಿಷ್ಟು ಅಕ್ಕಿ ಕೆಳಗೆ ಚೆಲ್ಲಿತು. ಅತ್ತೆ ಬೇರೆಲ್ಲೋ ನೋಡುತ್ತಾ, "ಇನ್ನಾ ಇರಬಹುದಿತ್ತು," ಎಂದರು.

"ಇದ್ದೆನಲ್ರಿ, ಬೇಕಾದಷ್ಟು," ಎಂದು ಮೇಡಂ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ತೆಗೆದಿಟ್ಟ ಹಾಲನ್ನು ನಿಂತೇ ಕುಡಿದರು. ಲೋಟ ತೊಳೆದು ಬೋರಲು ಹಾಕಿದರು. ಚಪ್ಪಲಿಗಳು ಎಂದಿನಂತೆ ಹೊರಡುವ ದಿಕ್ಕಿಗೆ ಮುಖ ಮಾಡಿದ್ದವು, ಕಾಲಿಟ್ಟು ಹೊರಟೇಬಿಟ್ಟರು.

ಸಂಜೆ ಬಾಜೂ ಮನೆಯ ಶಾಹಿದಾಬಿ ಬಂದಳು. ವಾಡಿಯ ರೈಲ್ವೆಯಲ್ಲಿರುವ ಅವಳ ತಂಗಿಯ ಮಗನಿಗೆ ಮನೆ ಬೇಕಂತೆ. ಕೀಲಿ ತೆಗೆದು ಮೇಲೆ ಕರೆದೊಯ್ದೆ. ಎಲೆ ಅಗಿಯುತ್ತಾ ಎರಡೂ ಕೋಣೆ ಸುತ್ತಿದಳು, ಬಾಗಿಲ ಚಿಲಕ ಹಾಕಿ ತೆಗೆದಳು, ದೀಪ ಹಚ್ಚಿ ಆರಿಸಿದಳು. ನಾನು ಕಿಟಕಿಯ ಸರಳಿನಲ್ಲಿ ಹಗ್ಗದ ಗುರುತು ಏನಾದರೂ ಉಳಿದಿದೆಯೋ ಎಂದು ನೋಡುತ್ತಾ ನಿಂತಿದ್ದೆ. ಶಾಹಿದಾಬಿ ಗೋಡೆಯ ಮೇಲೆ ಉದ್ದಕ್ಕೂ ಅಂಗೈ ಸವರಿ, ನನ್ನ ಕಡೆ ತಿರುಗಿ ಕೇಳಿದಳು:

"ಕ್ಯಾ ರೀ ಇದು, ಒಂದು ಮೊಳಿ ತೂತು ಸೈತ ಇಲ್ಲಲ್ಲ! ಇಷ್ಟ ವರ್ಷ ಈ ಮನ್ಯಾಗ ಯಾರೂ ಇದ್ದೇ ಇಲ್ಲೇನು?"